ಮೊದಲನೇ ಆರ್‌ಸಿ (ರಿಮೋಟ್ ಕಂಟ್ರೋಲ್) ವಿಮಾನ: ಬಾಲ್ಸಾ ಸ್ಪಿಟ್‌ಫೈರ್ ಕಿಟ್ ತಗೋಬಹುದಾ?

ಬ್ಯಾಡ್ರಿ. ಎಂದೂ ಬ್ಯಾಡ ಅನ್ನಾಕತ್ತಿಲ್ಲ, ಮೊದಲನೇದಕ್ಕ ಬ್ಯಾಡ. ನೀವ ಬರದೀರಿ, ಇಲ್ಲೀತನಕ ರಿಮೋಟ್ ಹಿಡದಿಲ್ಲ, ಧಾರವಾಡದ ಹೊರಗ ದೋಸ್ತನ ಹೊಲ ಐತಿ, ಆನ್‌ಲೈನ್‌ದಾಗ ಬಾಲ್ಸಾ ಅನ್ನೋ ಹಗುರ ಕಟ್ಟಿಗಿದ ಸ್ಪಿಟ್‌ಫೈರ್, ಅಂದ್ರ ಎರಡನೇ ಮಹಾಯುದ್ಧದ ಬ್ರಿಟಿಷ್ ಫೈಟರ್ ವಿಮಾನದ ಮಾಡೆಲ್, ನೋಡಿದಾಗಿಂದ ಮನಸ್ಸು ಅದರ ಮ್ಯಾಲನ ಐತಿ ಅಂತ. ಚಂದ ಅಂದ್ರ ಭಾಳ ಚಂದ ವಿಮಾನ ಅದು, ನಾ ಇಲ್ಲ ಅನ್ನೂದಿಲ್ಲ. ಆದ್ರ ಅದರ ರೆಕ್ಕಿ ಕೆಳಗ ಐತಿ, ತುದಿಗೆ ಹೋದಂಗ ಸಣ್ಣ ಆಗ್ತೈತಿ, ಇಳಸಾಕಂತ ಸ್ಪೀಡ್ ಕಡಿಮಿ ಮಾಡಿದ್ರ ಒಂದ್ ಕಡಿ ತುದಿ ಮೊದಲ ಸ್ಟಾಲ್ ಆಗಿ, ಅಂದ್ರ ಎತ್ತಿ ಹಿಡಿಯೋ ಶಕ್ತಿ ಕಳ್ಕೊಂಡು, ವಿಮಾನ ಪಟ್ನ ಹೊಳ್ಳಿ ಬೀಳ್ತೈತಿ, ಅದನ್ನ ತಿದ್ದಾಕ ಅಲ್ಲಿ ಎತ್ತರನೂ ಇರಂಗಿಲ್ಲ ಟೈಮೂ ಇರಂಗಿಲ್ಲ. ಸಾಲದ್ದಕ್ಕ ಗಾಲಿ ಎರಡೂ ಹತ್ರ ಹತ್ರ, ನಮ್ಮ ಎರಿ ಹೊಲದ ಹೆಂಟಿ ಮ್ಯಾಲ ಇಳಸಿದ್ರ ಮೂಗ ಬಡದ ಕುಂದ್ರೋದ ಗ್ಯಾರಂಟಿ.

ನಿಮಗ ಬೇಕಾಗಿರೋದು ಹೈ ವಿಂಗ್ ಟ್ರೈನರ್, ಅಂದ್ರ ರೆಕ್ಕಿ ಬಾಡಿ ಮ್ಯಾಲ ಇರಬೇಕು, ಮುಂದಿನಿಂದ ನೋಡಿದ್ರ ಎರಡೂ ತುದಿ ಸ್ವಲ್ಪ ಮ್ಯಾಲ ಎತ್ತಿರಬೇಕು, ಅದಕ್ಕ ಡೈಹೆಡ್ರಲ್ ಅಂತಾರ. ಅಂಥಾ ವಿಮಾನ ವಾಲಿದಾಗ ಸ್ಟಿಕ್ ಬಿಟ್ರ ತನ್ನಷ್ಟಕ್ಕ ತಾನ ಸೀದಾ ಆಗಾಕ ನೋಡ್ತೈತಿ. ರೆಕ್ಕಿ ಉದ್ದ ತುದಿಯಿಂದ ತುದಿಗೆ 1 ರಿಂದ 1.4 ಮೀಟರ್ ಇರ್ಲಿ, ಅದಕ್ಕಿಂತ ಸಣ್ಣದಾದ್ರ ಗಾಳಿಗೆ ಒದ್ದಾಡ್ತೈತಿ, ದೂರ ಹೋದ್ಮ್ಯಾಲ ಯಾವ ಕಡಿ ಮುಖ ಮಾಡೈತಿ ಅಂತನೂ ಕಾಣಂಗಿಲ್ಲ. ಚಾನೆಲ್, ಅಂದ್ರ ರಿಮೋಟಿನಿಂದ ನಡಸೋ ಭಾಗ, ಮೂರಿದ್ರ ಸಾಕು: ಮೋಟರ್, ಎಡ ಬಲ ತಿರಗಸೋ ರಡ್ಡರ್, ಮೂಗು ಮ್ಯಾಲ ಕೆಳಗ ಮಾಡೋ ಎಲಿವೇಟರ್. ಫ್ಯಾನ್ ಹಿಂದಿರೋ ಮಾಡೆಲ್ ಸಿಕ್ರ ಇನ್ನೂ ಚಲೋ, ಮೂಗಿನ ಮ್ಯಾಲ ಬಿದ್ರೂ ಫ್ಯಾನ್ ಉಳೀತೈತಿ.

ಬಾಲ್ಸಾ ಬಿಟ್ಟು ಫೋಮ್ ತಗೊಳ್ರಿ, ಇಪಿಪಿ ಇಲ್ಲಾ ಇಪಿಒ ಅನ್ನೋ ಜಾತಿದು. ಬಾಲ್ಸಾ ಮುರಿದ್ರ ರಿಬ್, ಅಂದ್ರ ರೆಕ್ಕಿ ಒಳಗಿನ ಪಕ್ಕೆಲುಬಿನಂಥಾ ಪಟ್ಟಿ, ಕತ್ತರಸಿ, ಹಚ್ಚಿ, ಮ್ಯಾಲ ಮತ್ತ ಫಿಲ್ಮ್ ಇಸ್ತ್ರಿ ಮಾಡಿ ವಾರಗಟ್ಟಲೆ ಕುಂದ್ರಬೇಕು, ಫೋಮ್ ಆದ್ರ ಹೊಲದಾಗನ ಅಂಟ ಹಚ್ಚಿ, ಟೇಪ್ ಸುತ್ತಿ, ಅವತ್ತ ಮತ್ತ ಹಾರಸಬಹುದು. ಹೊಸಬರು ಬೀಳಸೇ ಬೀಳಸ್ತಾರ, ಹಂಗಾಗಿ ಕಿಟ್ ನೋಡೋವಾಗ ಇದನ್ನ ರಿಪೇರಿ ಮಾಡೋದು ಎಷ್ಟ್ ಸಲೀಸು ಅಂತ ಮೊದಲ ಕೇಳ್ಕೋರಿ, ಬಣ್ಣ ಆಮ್ಯಾಲ ನೋಡಿದ್ರಾತು. ಒಂದ್ ಮಾತು, ಬರೇ ಥರ್ಮಾಕೋಲ್ ವಿಮಾನಕ್ಕ ಫೆವಿಕ್ವಿಕ್ ಹಾಕಬ್ಯಾಡ್ರಿ, ಕರಗಿ ತೂತ ಬೀಳ್ತೈತಿ.

ಬಾಕ್ಸಿನ ಮ್ಯಾಲ ಬರದದ್ದನ್ನ ಮಾತ್ರ ಸರಿಯಾಗಿ ಓದ್ರಿ, ಇಲ್ಲೇ ಭಾಳ ಮಂದಿ ರೊಕ್ಕ ಕಳ್ಕೋತಾರ. ಆರ್‌ಟಿಎಫ್ ಅಂದ್ರ ರಿಮೋಟ್ ಸಮೇತ ಬರ್ತೈತಿ, ಬ್ಯಾಟರಿ ಮತ್ತ ಚಾರ್ಜರ್ ಸೈತ ಸಾಮಾನ್ಯವಾಗಿ ಇರ್ತಾವು. ಪಿಎನ್‌ಪಿ ಅಂದ್ರ ಮೋಟರ್, ರಡ್ಡರ್ ಎಲಿವೇಟರ್ ಅಲುಗಾಡಸೋ ಸಣ್ಣ ಮೋಟರ್ (ಸರ್ವೋ) ಕೂಡ್ಸಿರ್ತಾರ, ರಿಮೋಟ್, ರಿಮೋಟಿನ ಸಿಗ್ನಲ್ ಹಿಡಿಯೋ ರಿಸೀವರ್, ಬ್ಯಾಟರಿ, ಚಾರ್ಜರ್ ನಿಮ್ಮವು. ಬರೇ ಕಿಟ್ ಅಂತಿದ್ರ ಮೋಟರೂ ಇರಂಗಿಲ್ಲ. ರೇಟ್ ಕಡಿಮಿ ಐತಲ್ಲ ಅಂತ ಬರೇ ಕಿಟ್ ತಂದ್ರ ಉಳಿದ ಸಾಮಾನಿನ ಬಿಲ್ ಕಿಟ್ಟಿಗಿಂತ ದೊಡ್ಡದಾಗ್ತೈತಿ. ನನ್ನ ಕೇಳಿದ್ರ ರಿಮೋಟ್ ಮಾತ್ರ ಸ್ವಲ್ಪ ಚಲೋದ ತಗೊಳ್ರಿ, ವಿಮಾನ ಹೋದ್ರೂ ಅದು ಮುಂದಿನ ವಿಮಾನಕ್ಕೂ ಬರ್ತೈತಿ, ಕಂಪ್ಯೂಟರಿಗೆ ಹಚ್ಚಿ ಸಿಮ್ಯುಲೇಟರ್‌ದಾಗ, ಅಂದ್ರ ಸ್ಕ್ರೀನಿನಾಗ ವಿಮಾನ ಹಾರಿಸೋ ಪ್ರೋಗ್ರಾಮಿನಾಗ, ಕಲಿಯಾಕೂ ಬರ್ತೈತಿ. ಸಿಮ್ಯುಲೇಟರ್ ಬಿಡಬ್ಯಾಡ್ರಿ. ವಿಮಾನ ನಿಮ್ಮ ಕಡಿ ಮುಖ ಮಾಡಿ ಬರೋವಾಗ ಎಡ ಬಲ ಉಲ್ಟಾ ಆಗ್ತಾವು, ಅದು ಕೈಗೆ ಕುಂದ್ರಾಕ ಟೈಮ್ ಹಿಡೀತೈತಿ, ಆ ಬೀಳೋದೆಲ್ಲಾ ಸ್ಕ್ರೀನಿನಾಗ ಬೀಳ್ಲಿ.

ಇನ್ನ ಗಾಳಿ. ಜೂನ್‌ದಿಂದ ಆಗಸ್ಟ್ ತನಕ ನಮ್ಮ ಕಡಿ ಪಡುವಣ ಗಾಳಿ ಹೆಂಗ ಬೀಸ್ತೈತಿ ನಿಮಗ ಗೊತ್ತೈತಿ, ಗದಗ ಕಡಿ ಕಪ್ಪತಗುಡ್ಡದ ಮ್ಯಾಲ ಅಷ್ಟ್ ಗಾಳಿಯಂತ್ರ ಸುಮ್ಮ ಸುಮ್ಮನ ನಿಂತಿಲ್ಲ. ಆ ಮೂರ್ ತಿಂಗಳ ಸಿಮ್ಯುಲೇಟರಿಗೆ ಇಡ್ರಿ, ಸುಗ್ಗಿ ಮುಗಿದ್ಮ್ಯಾಲ ಖಾಲಿ ಹೊಲದಾಗ ನಸುಕಿನ್ಯಾಗ ಹಾರಿಸ್ರಿ, ಬಿಸಲ ಏರಿದಂಗ ನೆಲದಿಂದ ಗಾಳಿ ಏಳಾಕ ಶುರು ಆಗ್ತೈತಿ. ಕರೆಂಟ್ ಲೈನ್ ಇರೋ ಹೊಲ ಬ್ಯಾಡ. ಹುಬ್ಬಳ್ಳಿ ಗೋಕುಲ ರೋಡಿನ ಏರ್‌ಪೋರ್ಟ್ ಐತೆಲ್ಲಾ, 2021ರ ಡ್ರೋನ್ ರೂಲ್ಸ್ ಪ್ರಕಾರ ಅದರ ಗಡಿಯಿಂದ 8 ಕಿಮೀ ಒಳಗ ಪರ್ಮಿಶನ್ ಇಲ್ದ ಹಾರಸಂಗಿಲ್ಲ, 8 ರಿಂದ 12 ಕಿಮೀ ನಡುವ 200 ಅಡಿ ತನಕ ಅಷ್ಟ, ಅದರಾಚೆ 400 ಅಡಿ. ಬ್ಯಾರೆ ನಿರ್ಬಂಧದ ಜಾಗನೂ ಇರ್ತಾವು, ಸರ್ಕಾರದ ಡಿಜಿಟಲ್ ಸ್ಕೈ ವೆಬ್‌ಸೈಟಿನ ಮ್ಯಾಪಿನಾಗ ದೋಸ್ತನ ಹೊಲ ಎಲ್ಲಿ ಬರ್ತೈತಿ ಅಂತ ಒಮ್ಮೆ ನೋಡ್ರಿ.

ಹಾರಸೋಕಿಂತ ಮೊದಲ ಬ್ಯಾಟರಿ ಒಳಗ ಇಟ್ಟ, ಮ್ಯಾನುಯಲ್‌ದಾಗ ಹೇಳಿದ ಜಾಗದಾಗ ರೆಕ್ಕಿ ಕೆಳಗ ಎರಡ ಬೆರಳ ಹಚ್ಚಿ ಎತ್ತಿ ಬ್ಯಾಲೆನ್ಸ್ ನೋಡ್ರಿ, ಸಾಮಾನ್ಯವಾಗಿ ರೆಕ್ಕಿಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದ ಒಳಗ ಬರ್ತೈತಿ. ಬಾಲ ಭಾರ ಆಗಿದ್ರ ಹಾರಸಾಕ ಹೋಗಬ್ಯಾಡ್ರಿ, ಬ್ಯಾಟರಿ ಮುಂದ ಸರಸ್ರಿ. ಲಿಪೋ (ಲಿಥಿಯಮ್ ಪಾಲಿಮರ್) ಬ್ಯಾಟರಿ ಫುಲ್ ಚಾರ್ಜ್ ಮಾಡಿ ವಾರಗಟ್ಟಲೆ ಇಡಬಾರದು, ಒಂದೊಂದ್ ಸೆಲ್ 3.8 ವೋಲ್ಟ್ ಸುಮಾರಿಗೆ ಇಳಿಸಿ ಇಡ್ರಿ, ಏಪ್ರಿಲ್ ಬಿಸಲಾಗ ಕಾರಿನ್ಯಾಗಂತೂ ಬಿಡಬ್ಯಾಡ್ರಿ. ಬಾಲ್ಸಾ ಕೂಡ್ಸೋ ಹುಕಿ ತಡ್ಯಾಕ ಆಗವಲ್ದು ಅಂದ್ರ ರಬ್ಬರ್ ಬ್ಯಾಂಡಿನ ಸಣ್ಣ ಕಿಟ್ ಒಂದ್ ತರಸ್ರಿ, ಮಳಿಗಾಲದಾಗ ಮನ್ಯಾಗ ಕುಂತ ಕೂಡ್ಸಬಹುದು. ಬಜೆಟ್ ಎಷ್ಟಂತ ನೀವ ಬರದಿಲ್ಲ, ಹೇಳಿದ್ರ ಯಾವ ರಿಮೋಟ್ ಅಂತ ನೋಡೂಣು.