ಆಪ್ತಸಲಹೆ ಪ್ರಕರಣ: ಗುರಿ ಬದಲಿಸಿದಾಗಲೆಲ್ಲ ಹಳೆಯದನ್ನು ಹಳಿಯುವ ಉದ್ಯಮಿ

ಈ ಸಲಹಾರ್ಥಿಗೆ ನಲವತ್ತರ ಆಸುಪಾಸು. ಸಣ್ಣ ತಂತ್ರಾಂಶ ಕಂಪನಿಯೊಂದರ ಸಂಸ್ಥಾಪಕರು. ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ. ತಾವಾಗಿಯೇ ಬಂದವರಲ್ಲ. "ಯಾರ ಹತ್ತಿರವಾದರೂ ಕುಳಿತು ಮಾತನಾಡು, ಇಲ್ಲವಾದರೆ ನಾನು ಹೊರಡುತ್ತೇನೆ" ಎಂದು ಸಹಸಂಸ್ಥಾಪಕಿ ಪಟ್ಟು ಹಿಡಿದಿದ್ದರು. ಕುಳಿತ ಕೂಡಲೇ ಅವರು ಕೇಳಿದರು: "ಮೇಡಂ, ನಾನು ಅವಕಾಶವಾದಿಯೇ? ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ."

2021ರಲ್ಲಿ ಅವರಿಗೆ ಬ್ಲಾಕ್‌ಚೈನ್ (ಕ್ರಿಪ್ಟೊ ಹಣದ ಹಿಂದಿರುವ, ವಹಿವಾಟಿನ ದಾಖಲೆಯನ್ನು ಹಲವು ಕಂಪ್ಯೂಟರುಗಳಲ್ಲಿ ಹಂಚಿಡುವ ತಂತ್ರಜ್ಞಾನ) ಎಂದರೆ ಪ್ರಾಣ; ಬ್ಯಾಂಕುಗಳ ಕಾಲ ಮುಗಿಯಿತು ಎಂದು ವಾದಿಸುತ್ತಿದ್ದರು. ಆ ವರ್ಷದ ಅಕ್ಟೋಬರ್‌ನಲ್ಲಿ ಫೇಸ್‌ಬುಕ್ ಕಂಪನಿ ಮೆಟಾ ಎಂದು ಹೆಸರು ಬದಲಿಸಿಕೊಂಡಾಗ ಮನಸ್ಸು ಜನ ಸೇರಿ ಬೆರೆಯುವ ಡಿಜಿಟಲ್ ಲೋಕದ ಕಲ್ಪನೆಯಾದ ಮೆಟಾವರ್ಸ್‌ನತ್ತ ವಾಲಿತು. 2022ರ ನವೆಂಬರ್‌ನಲ್ಲಿ ಕ್ರಿಪ್ಟೊ ವಿನಿಮಯ ಸಂಸ್ಥೆ ಎಫ್‌ಟಿಎಕ್ಸ್ ದಿವಾಳಿಯಾಯಿತು. ಅದೇ ತಿಂಗಳ 30ರಂದು ಕೃತಕ ಬುದ್ಧಿಮತ್ತೆಯ ಚಾಟ್‌ಜಿಪಿಟಿ ಬಂತು. ಒಂದೇ ತಿಂಗಳಲ್ಲಿ ಹಳೆಯ ನಂಬಿಕೆ ನೆಲ ಕಚ್ಚಿ, ಹೊಸದು ಎದ್ದು ನಿಂತಿತು. ನನ್ನಲ್ಲಿಗೆ ಬರುವ ಹೊತ್ತಿಗೆ ಅದರ ಮೇಲೂ ಜುಗುಪ್ಸೆ. ತಂತ್ರಜ್ಞಾನ ಉದ್ಯಮವೇ ಜನರ ಗಮನವನ್ನು ಕದಿಯುವ ವ್ಯವಹಾರ, ಕಂಪನಿ ಮಾರಿ ಶಿಕ್ಷಕನಾಗುತ್ತೇನೆ ಎನ್ನುತ್ತಿದ್ದರು.

ಇಂಥ ಏರಿಳಿತ ಕಂಡಾಗ ಮೊದಲು ನಿದ್ರೆಯ ಬಗ್ಗೆ ವಿಚಾರಿಸಬೇಕು. ಸತತ ನಾಲ್ಕು ದಿನವಾದರೂ ಮನಸ್ಸು ಮಿತಿಮೀರಿ ಉಬ್ಬಿ, ಅಲ್ಪ ನಿದ್ರೆಯಲ್ಲೂ ದಣಿವಿಲ್ಲದೆ, ಮಾತು, ಖರ್ಚು, ಯೋಜನೆಗಳು ಒಟ್ಟಿಗೆ ಹೆಚ್ಚಿದರೆ ಹೈಪೊಮೇನಿಯಾ ಎಂಬ ಮನೋಸ್ಥಿತಿ ಇರಬಹುದು. ಆಗ ಮನೋವೈದ್ಯರ ತಪಾಸಣೆ ತಪ್ಪಿಸುವಂತಿಲ್ಲ. ಇವರದು ಹಾಗಿರಲಿಲ್ಲ. ನಿದ್ರೆಗೆಟ್ಟರೆ ಮರುದಿನ ಸೋತು ಹೋಗುತ್ತಿದ್ದರು.

ಮುಂದಿನ ಭೇಟಿಗೆ, ಗುರಿ ಬದಲಿಸಿದಾಗಲೆಲ್ಲ ಸಿಬ್ಬಂದಿಗೆ ಕಳಿಸಿದ ಪತ್ರಗಳನ್ನು ಮುದ್ರಿಸಿ ತರಲು ಹೇಳಿದೆ. ಪ್ರತಿಯೊಂದರ ಅಂಚಿನಲ್ಲೂ ಅದಕ್ಕೂ ಮುಂಚಿನ ವಾರ ಏನು ನಡೆದಿತ್ತೆಂದು ಪೆನ್ಸಿಲಿನಲ್ಲಿ ಬರೆಯಿಸಿದೆ. ಒಂದರ ಪಕ್ಕ "ಹೂಡಿಕೆದಾರರು ಕೈಬಿಟ್ಟರು" ಎಂದಾಯಿತು. ಇನ್ನೊಂದರ ಪಕ್ಕ ಬಹಳ ಹೊತ್ತು ಪೆನ್ಸಿಲ್ ಆಡಿಸುತ್ತಿದ್ದು, ಕೊನೆಗೆ "ಹಳೆಯ ಸಹೋದ್ಯೋಗಿಯ ಕಂಪನಿಗೆ ದೊಡ್ಡ ಬೆಲೆ ಬಂತು" ಎಂದು ಬರೆದರು. ಒಂದೇ ಒಂದು ಪತ್ರದ ಪಕ್ಕ ಮಾತ್ರ ಗ್ರಾಹಕರ ಮಾತಿತ್ತು: ಅವರು ಕಟ್ಟಿದ ತಂತ್ರಾಂಶದ ಸಣ್ಣ ಭಾಗವೊಂದನ್ನೇ ಜನ ಬಳಸುತ್ತಿದ್ದರು, ಉಳಿದದ್ದನ್ನು ಇವರು ಕೈಬಿಟ್ಟರು. ಅವರಿಗೆ ಅತ್ಯಂತ ನಾಚಿಕೆಯಿದ್ದದ್ದು ಇದೇ ಬದಲಾವಣೆಯ ಬಗ್ಗೆ. ನನ್ನ ದೃಷ್ಟಿಯಲ್ಲಿ ಅವರ ನಿರ್ಧಾರಗಳಲ್ಲೆಲ್ಲ ವಿವೇಕದ್ದು ಅದೇ.

ಆಮೇಲೆ ಪತ್ರಗಳನ್ನು ಗಟ್ಟಿಯಾಗಿ ಓದಿಸಿದೆ. ಎಲ್ಲದರಲ್ಲೂ ಒಂದು ಸಾಲು ತಪ್ಪದೆ ಬರುತ್ತಿತ್ತು: "ಇಲ್ಲಿಯವರೆಗೆ ನಾವು ಮಾಡಿದ್ದು ಕಾಲಹರಣ." ಎರಡನೆಯ ಸಲ ಆ ಸಾಲು ಬಂದಾಗ ಅವರು ನಿಂತರು. ಆ ಕಾಲಹರಣವನ್ನು ರಾತ್ರಿ ಹಗಲು ಕೂತು ಕಟ್ಟಿದವರೇ ಆ ಪತ್ರ ಓದಿದವರು.

"ದೊಡ್ಡವರೂ ದಾರಿ ಬದಲಿಸಿದ್ದಾರಲ್ಲ, ಮೇಡಂ" ಎಂದರು. ನಿಜ. ಇನ್‌ಸ್ಟಾಗ್ರಾಂ ಹುಟ್ಟಿದ್ದು ಬರ್ಬನ್ ಎಂಬ ಆ್ಯಪ್‌ನಿಂದ. ಅದರಲ್ಲಿ ಜನರಿಗೆ ಹಿಡಿಸಿದ್ದು ಚಿತ್ರ ಹಂಚುವ ಸೌಲಭ್ಯ ಎಂದು ಕಂಡು 2010ರಲ್ಲಿ ಉಳಿದದ್ದನ್ನು ಕಳಚಿಹಾಕಿದರು. ಗ್ಲಿಚ್ ಎಂಬ ಆನ್‌ಲೈನ್ ಆಟ 2012ರಲ್ಲಿ ನಿಂತಿತು. ಅದನ್ನು ಕಟ್ಟುವಾಗ ತಂಡ ತನ್ನ ಮಾತುಕತೆಗೆಂದು ಮಾಡಿಕೊಂಡ ಸಾಧನವೇ ಕಚೇರಿಗಳಲ್ಲಿ ಸಂದೇಶ ವಿನಿಮಯಕ್ಕೆ ಬಳಸುವ ಸ್ಲ್ಯಾಕ್ ಆಯಿತು. ಈ ಎರಡೂ ತಂಡದವರು ಕೈಯಲ್ಲಿದ್ದದ್ದನ್ನು ದಿಟ್ಟಿಸಿ ನೋಡಿದರು. ಗ್ಲಿಚ್ ತಂಡದವರು ಆಟ ಮುಚ್ಚುವಾಗ ಆಟಗಾರರಿಗೆ ಹಣ ಮರಳಿಸಿದರು, ಕೆಲಸ ಕಳೆದುಕೊಂಡವರಿಗೆ ಬೇರೆ ಕಡೆ ಕೆಲಸ ಸಿಗಲು ನೆರವಾದರು. ಈ ಎರಡನೆಯ ಸಂಗತಿಯನ್ನು ನಮ್ಮ ಸಲಹಾರ್ಥಿ ಮುಂಚೆ ಗಮನಿಸಿರಲಿಲ್ಲ.

ಎರಡು ನಂಬಿಕೆಗಳು ಒಳಗೇ ಡಿಕ್ಕಿ ಹೊಡೆದಾಗ ಒಂದನ್ನು ಕೀಳಾಗಿಸಿ ನೆಮ್ಮದಿ ಪಡೆಯುವುದು ಮನಸ್ಸಿನ ಹಳೆಯ ಅಭ್ಯಾಸ. ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1957ರಲ್ಲೇ ಈ ತಿಕ್ಕಾಟವನ್ನು ಸಿದ್ಧಾಂತವಾಗಿ ಮಂಡಿಸಿದ್ದರು. ಉದ್ಯಮದ ರೀತಿಯೂ ಇದಕ್ಕೆ ನೀರೆರೆಯುತ್ತದೆ. "ನನಗೆ ಇನ್ನೂ ಖಾತ್ರಿಯಿಲ್ಲ" ಎನ್ನುವ ಸಂಸ್ಥಾಪಕನಿಗೆ ಹಣ ಹುಟ್ಟುವುದು ಕಷ್ಟ, ಆದ್ದರಿಂದ ಎದೆ ತಟ್ಟಿ ಹೇಳುವುದೇ ಚಾಳಿಯಾಗುತ್ತದೆ. ಒಳ್ಳೆಯ ಮನುಷ್ಯರನ್ನು ಇದು ಒಳಗಿನಿಂದ ಸವೆಸುವುದನ್ನು ಕಂಡು ನನಗೆ ಸಂಕಟವಾಗುತ್ತದೆ.

ಅವರ ಪ್ರಶ್ನೆಗೆ ನನ್ನ ಉತ್ತರ: ನೀವು ಅವಕಾಶವಾದಿಯಲ್ಲ. ಆದರೆ ಅಭಿಪ್ರಾಯ, ಆಕಾಂಕ್ಷೆ, ಕೊಟ್ಟ ಮಾತು ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ. ಕೃತಕ ಬುದ್ಧಿಮತ್ತೆಯ ಬಗ್ಗೆ ನಿಮ್ಮ ಅಭಿಪ್ರಾಯ ನಾಳೆ ಬೆಳಿಗ್ಗೆಯೇ ಬದಲಾಗಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಕೊಟ್ಟ ಮಾತನ್ನು ಮಾತ್ರ, ಯಾರಿಗೆ ಕೊಟ್ಟಿರೋ ಅವರೊಂದಿಗೆ ಮೊದಲು ಕುಳಿತು ಮಾತನಾಡದೆ ಬದಲಿಸಬಾರದು. ತಿರಸ್ಕಾರವೋ ಹೋಲಿಕೆಯೋ ನೋಯಿಸಿದ ಮೇಲೆ ಎರಡು ವಾರ ಯಾವ ಹೊಸ ಗುರಿಯನ್ನೂ ಘೋಷಿಸಬೇಡಿ. ಹೊಳೆದದ್ದನ್ನು ದಿನಾಂಕ ಹಾಕಿ ಬರೆದಿಡಿ, ಏನು ಕಂಡರೆ ಇದು ತಪ್ಪೆಂದು ಒಪ್ಪುತ್ತೀರಿ ಎಂಬುದನ್ನೂ ಜೊತೆಗೆ ಬರೆಯಿರಿ. ತಂಡದ ಕ್ಷಮೆ ಕೇಳಿ, ಆ ಒಂದು ಸಾಲಿಗಾಗಿ. ದಿಕ್ಕು ಬದಲಿಸಿದ್ದಕ್ಕೆ ಕೇಳಬೇಕಿಲ್ಲ. ಪಾಠ ಹೇಳುವ ಆಸೆಯಿದ್ದರೆ ಕಂಪನಿ ಮಾರುವ ಮೊದಲು ವಾರಕ್ಕೊಂದು ತರಗತಿ ತೆಗೆದುಕೊಂಡು ನೋಡಿ.

ನಾಯಕ ಅನುಮಾನ ತೋರಿಸಿದರೆ ತಂಡ ಕುಸಿಯುತ್ತದೆ ಎಂದು ಅವರು ಬಲವಾಗಿ ವಾದಿಸಿದರು. ಇದಕ್ಕೆ ಉತ್ತರ ಸಿಕ್ಕಿದ್ದು ಸಹಸಂಸ್ಥಾಪಕಿಯೊಂದಿಗಿನ ಜಂಟಿ ಭೇಟಿಯಲ್ಲಿ. "ನೀನು ದಿಕ್ಕು ಬದಲಿಸಿದ್ದಕ್ಕೆ ನನಗೆ ಬೇಸರವಿಲ್ಲ. ಪ್ರತಿ ಸಲವೂ ನಾನು ದಡ್ಡಿಯಾಗಿದ್ದೆ ಎಂದು ಎಲ್ಲರೆದುರು ಹೇಳಿದಂತಾಗುತ್ತಿತ್ತು" ಎಂದರು.

ಕ್ಷಮೆಯ ಪತ್ರ ಹೋಗಿದೆ. ವಾರದ ತರಗತಿ ನಡೆಯುತ್ತಿದೆ. ಅಲ್ಲೂ ಬೇಸರವಾಗುವ ದಿನಗಳಿವೆ ಎಂದು ಒಪ್ಪಿಕೊಂಡಿದ್ದಾರೆ. ಕಂಪನಿ ಮಾರುವ ಮಾತು ಇನ್ನೂ ತೀರ್ಮಾನವಾಗಿಲ್ಲ. ಅದನ್ನು ಇಬ್ಬರೂ ಲೆಕ್ಕಪತ್ರ ಮುಂದಿಟ್ಟುಕೊಂಡು ಚರ್ಚಿಸುತ್ತಿದ್ದಾರೆ.