ಅಮೆರಿಕದಲ್ಲಿ ಕಾಡು ಟರ್ಕಿ ಕೋಳಿಯ ಬೇಟೆಗೆ ಅದರ ಸಂತಾನಕಾಲದಲ್ಲೇ ಅನುಮತಿ ಕೊಡುವುದೇಕೆ?

ವಸಂತದ ಬೇಟೆಯಲ್ಲಿ ಹೊಡೆಯಲು ಅನುಮತಿ ಇರುವುದು ಬಹುತೇಕ ಹುಂಜಗಳನ್ನು ಮಾತ್ರ. ಹೆಚ್ಚಿನ ಹೇಂಟೆಗಳು ಹುಂಜದೊಡನೆ ಕೂಡಿ ಮೊಟ್ಟೆಯಿಡತೊಡಗಿದ ಮೇಲೆ ಬೇಟೆ ಆರಂಭವಾದರೆ, ಹುಂಜಗಳು ಕಡಿಮೆಯಾದರೂ ಆ ವರ್ಷದ ಮರಿಗಳ ಸಂಖ್ಯೆಗೆ ದೊಡ್ಡ ಪೆಟ್ಟು ಬೀಳುವುದಿಲ್ಲ ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಇದಕ್ಕೆ ಆಧಾರ ಹೇಂಟೆಯ ದೇಹರಚನೆ. ಹುಂಜದ ವೀರ್ಯವನ್ನು ಅದು ತನ್ನ ಅಂಡನಾಳದ ಸೂಕ್ಷ್ಮ ಗ್ರಂಥಿಗಳಲ್ಲಿ ಹಲವು ವಾರ ಕಾಪಿಟ್ಟುಕೊಳ್ಳಬಲ್ಲದು. ಹೀಗಾಗಿ ಮರದ ಬುಡದ ತರಗೆಲೆಗಳ ನಡುವೆ ಕೆರೆದ ಆಳವಿಲ್ಲದ ಗುಳಿಯಲ್ಲಿ, ಹೆಚ್ಚುಕಡಿಮೆ ದಿನಕ್ಕೊಂದರಂತೆ ಸುಮಾರು ಎರಡು ವಾರ ಇಡುವ 10–12 ಮೊಟ್ಟೆಗಳಿಗೆ ಒಂದೇ ಕೂಡುವಿಕೆ ಸಾಕಾಗಬಹುದು. ಬಳಿಕ ಅದು ಸುಮಾರು 28 ದಿನ ಕಾವಿಗೆ ಕೂರುತ್ತದೆ. ಆಗ ಜೊತೆ ಸಿಗದ ಹುಂಜ ಮತ್ತಷ್ಟು ಕೂಗುತ್ತ, ಹೇಂಟೆಯ ದನಿಯನ್ನು ಅನುಕರಿಸುವ ಬೇಟೆಗಾರನತ್ತ ತಾನಾಗಿಯೇ ನಡೆದು ಬರುತ್ತದೆ. ಗೂಡಿನಲ್ಲಿ ಕುಳಿತ ಹೇಂಟೆ ತಪ್ಪಿ ಗುಂಡಿಗೆ ಸಿಕ್ಕುವ ಸಂಭವವೂ ಕಡಿಮೆ.

ಸಂತಾನಕಾಲವನ್ನು ಮುಖ್ಯವಾಗಿ ಹಗಲಿನ ಉದ್ದ ನಿರ್ಧರಿಸುವುದರಿಂದ, ಫ್ಲಾರಿಡಾದಲ್ಲಿ ಮಾರ್ಚ್‌ನಲ್ಲೇ ಆರಂಭವಾಗುವ ಬೇಟೆಗೆ ಉತ್ತರದ ನ್ಯೂಯಾರ್ಕ್‌ನಲ್ಲಿ ಮೇ ತಿಂಗಳವರೆಗೆ ಕಾಯಬೇಕು. ಆದರೆ ಕೂಡುವಿಕೆ ಮುಗಿಯುವ ಮೊದಲೇ ಬಲಿಷ್ಠ ಹುಂಜಗಳು ಸತ್ತರೆ, ಉಳಿದವುಗಳ ನಡುವೆ ಮೇಲುಗೈ ಯಾರದೆಂದು ಇತ್ಯರ್ಥವಾಗುವಷ್ಟರಲ್ಲಿ ಹೇಂಟೆಗಳು ಗೂಡು ಮಾಡುವುದು ತಡವಾಗಬಹುದು ಎಂದು ಕೆಲವು ಜೀವಶಾಸ್ತ್ರಜ್ಞರು ವಾದಿಸುತ್ತಾರೆ. ವಾದ ಇನ್ನೂ ಇತ್ಯರ್ಥವಾಗಿಲ್ಲವಾದರೂ ನನಗದು ತಳ್ಳಿಹಾಕುವಂಥದ್ದಾಗಿ ಕಾಣುವುದಿಲ್ಲ. ಟೆನೆಸೀ ರಾಜ್ಯವು 2023ರಲ್ಲಿ ಬೇಟೆಯ ಆರಂಭವನ್ನು ಎರಡು ವಾರ ಮುಂದೂಡಿತು.