ವಿದೇಶಿ ವಿದ್ಯಾರ್ಥಿಗಳ ನೀರಿನ ಅಧ್ಯಯನಕ್ಕೆ ಊರಿನ ರೈತರನ್ನು ಯಾವಾಗ ಸೇರಿಸಿಕೊಳ್ಳಬೇಕು?

ಯೋಜನೆ ತಯಾರಿದೆ, ಪ್ರಶ್ನೆಗಳು ಕನ್ನಡಕ್ಕೂ ಆಗಿವೆ, ಈಗ ರೈತರನ್ನು ಸೇರಿಸಿಕೊಂಡರೆ ಸಾಕಾ ಅಂತ ಕೇಳಿದ್ದೀರಿ. 2019ರಲ್ಲಿ ನಾನೂ ಹೀಗೇ ಹೊರಟಿದ್ದೆ.

ಕೋಲಾರಕ್ಕೆ. ಹಿಂದಿನ ವರ್ಷ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂದಿತ್ತು. ಅಲ್ಲಿಂದ ಕೋಡಿ ಹರಿದು ಕೆರೆಯಿಂದ ಕೆರೆಗೆ ಹೋಗುತ್ತಿತ್ತು. ಕೆರೆ ತುಂಬಿದರೆ ಸುತ್ತಲಿನ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬರುತ್ತಾ ಅಂತ ನೋಡುವುದು ನಮ್ಮ ಕೆಲಸ. ಏಳು ವಿದ್ಯಾರ್ಥಿಗಳು, ಮೂರು ವಾರ, ಇಲ್ಲಿನ ಹೊಣೆ ನನ್ನದು.

ಅಳತೆಯ ಸಮಯವನ್ನು ನಾನು ಊರು ನೋಡುವ ಮೊದಲೇ ಬರೆದಿಟ್ಟೆ. ದಿನಾ ಬೆಳಗ್ಗೆ ಒಂಬತ್ತು. ಕೆರೆ ಪಕ್ಕದ ಊರಿನಲ್ಲಿ ಹತ್ತು ಬೋರ್‌ವೆಲ್, ದೂರದ ಊರಿನಲ್ಲಿ ಹತ್ತು. ಎರಡು ವಾರ ಅಳೆದ ಮೇಲೆ ನೋಡಿದರೆ ಕೆರೆ ಪಕ್ಕದಲ್ಲೇ ನೀರು ಜಾಸ್ತಿ ಕೆಳಗಿತ್ತು. ನೀರಿನ ಆಳ ಅಳೆಯಲು ಬೋರ್‌ವೆಲ್‌ಗೆ ಇಳಿಬಿಡುವ ಟೇಪ್ ಸರಿಯಿಲ್ಲ ಅಂದುಕೊಂಡೆವು. ಬಂಡೆಯ ಬಿರುಕುಗಳ ಬಗ್ಗೆ ರಾತ್ರಿಯೆಲ್ಲ ಚರ್ಚೆ ಮಾಡಿದೆವು. ಕೊನೆಗೆ ಒಬ್ಬ ಅಜ್ಜಿ, ಬೋರ್‌ವೆಲ್‌ನ ಕೇಸಿಂಗ್ ಪೈಪಿನ ಬಾಯಿಗೆ ತುರುಕಿದ್ದ ಗೋಣಿಚೀಲದ ಚಿಂದಿ ಎಳೆದು ನಮಗೆ ಜಾಗ ಮಾಡಿಕೊಡುತ್ತಾ, “ಏನಪ್ಪಾ, ರಾತ್ರಿಯೆಲ್ಲ ಮೋಟ್ರು ಓಡೈತೆ. ಈಗ ಬಂದು ನೀರೆಲ್ಲಿ ಅಂದ್ರೆ ಎಲ್ಲಿರ್ತೈತೆ?” ಅಂದರು.

ಕೆರೆ ಪಕ್ಕದ ಆ ಊರಿಗೆ ಮೋಟರ್ ಓಡಿಸುವ ತ್ರೀ ಫೇಸ್ ಕರೆಂಟ್ ಬರುತ್ತಿದ್ದದ್ದು ರಾತ್ರಿ. ಇನ್ನೊಂದು ಊರಿಗೆ ಮಧ್ಯಾಹ್ನ. ಆಟೋ ಸ್ಟಾರ್ಟರ್ ಇರುವುದರಿಂದ ಕರೆಂಟ್ ಬಂದ ಕೂಡಲೇ ಮೋಟರ್ ತಾನೇ ಓಡುತ್ತೆ. ಕೋಲಾರದ್ದು ಗಟ್ಟಿ ಬಂಡೆ. ಮೋಟರ್ ನಿಂತ ಮೇಲೆ ನೀರು ಬಿರುಕುಗಳಿಂದ ಜಿನುಗಿ ಮತ್ತೆ ಮೇಲೇರಲು ಗಂಟೆಗಟ್ಟಲೆ ಬೇಕು. ನಾವು ಒಂದು ಕಡೆ ಆಗಷ್ಟೇ ನೀರು ಎಳೆದು ಮುಗಿಸಿದ ಬೋರ್‌ವೆಲ್ ಅಳೆದಿದ್ದೆವು, ಇನ್ನೊಂದು ಕಡೆ ರಾತ್ರಿಯೆಲ್ಲ ಸುಮ್ನೆ ಇದ್ದದ್ದನ್ನು. ಕೆರೆಯ ಪರಿಣಾಮ ಅಲ್ಲ, ಕರೆಂಟಿನ ಪಾಳಿ ಅಳೆದೆವು. ಎರಡು ವಾರದ ಒಂದು ಅಂಕಿಯೂ ಉಪಯೋಗಕ್ಕೆ ಬರಲಿಲ್ಲ. ಈ ವಿಷಯ ಊರಿನ ಮಕ್ಕಳಿಗೂ ಗೊತ್ತಿತ್ತು. ನಾನು ಕೇಳಿರಲಿಲ್ಲ, ಅಷ್ಟೇ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮುಗಿದ ಯೋಜನೆಗೆ ರೈತರನ್ನು ಸೇರಿಸಿದರೆ ಅವರು ಬೋರ್‌ವೆಲ್ ತೋರಿಸುವವರು ಮಾತ್ರ ಆಗುತ್ತಾರೆ. ಪ್ರಶ್ನೆ ಬರೆಯುವಾಗಲೇ ಅವರಿರಬೇಕು. ನಮ್ಮ ಪಟ್ಟಿಯಲ್ಲಿ ‘ಕೆರೆಯಿಂದ ನೇರವಾಗಿ ನೀರು ಎತ್ತುತ್ತೀರಾ?’ ಅಂತ ಇತ್ತು. ಆ ನೀರು ಅಂತರ್ಜಲಕ್ಕೆ ಮಾತ್ರ, ಮೋಟರ್ ಇಟ್ಟು ಎತ್ತುವಂತಿಲ್ಲ. ಅದನ್ನು ಕೇಳಿದ ಮೇಲೆ ಯಾರೂ ಬಾಯಿ ಬಿಡಲಿಲ್ಲ. ಅವರಿಗೆ ನಿಜವಾಗಿ ಬೇಕಿದ್ದದ್ದು ಬೇರೆ: ಈ ನೀರಲ್ಲಿ ಬೆಳೆದ ಹಿಪ್ಪುನೇರಳೆ ಸೊಪ್ಪು ರೇಷ್ಮೆ ಹುಳುವಿಗೆ ಆಗುತ್ತಾ?

ಪಂಚಾಯಿತಿ ಕಚೇರಿಯ ಸಭೆ ನಂಬಬೇಡಿ. ಬೆಳಗ್ಗೆ ಹಾಲಿನ ಡೈರಿ ಹತ್ತಿರ ನಿಲ್ಲಿ. ಹೆಂಗಸರೂ ಅಲ್ಲಿಗೇ ಬರುತ್ತಾರೆ. ನೀರಗಂಟಿ, ಅಂದರೆ ಕೆರೆ ನೀರು ಬಿಡುವವರು, ಇದ್ದರೆ ಅವರ ಜೊತೆ ತೂಬು, ಕೋಡಿ, ಕಾಲುವೆ ಎಲ್ಲ ನಡೆದು ನೋಡಿ. ಅಳತೆಯನ್ನು ಮೀಟರಿನಲ್ಲಿ ಹೇಳಬೇಡಿ, ಅಡಿಯಲ್ಲಿ ಹೇಳಿ. ಟೇಪ್ ಸಿಕ್ಕಿಹಾಕಿಕೊಂಡರೆ ಮೋಟರ್ ಎತ್ತಿಸುವ ಖರ್ಚು ನಮ್ಮದು ಅಂತ ಮೊದಲೇ ಮಾತು ಕೊಡಿ, ಆ ದುಡ್ಡು ಬಜೆಟ್‌ನಲ್ಲಿರಲಿ.

ನಮ್ಮ ಕೊನೆಯ ವಾರ ಸಮಯ ನಿಗದಿ ಮಾಡಿದ್ದು ಆ ಅಜ್ಜಿಯ ಮಗ. ಕರೆಂಟ್ ಹೋಗಿ ಎಂಟು ಗಂಟೆ ಆದ ಮೇಲೆ ಫೋನ್ ಮಾಡುತ್ತಿದ್ದರು, ನಾವು ಓಡುತ್ತಿದ್ದೆವು. ಉಳಿದ ಅಂಕಿಗಳು ಅವೇ. ನಿಮ್ಮ ವಿದ್ಯಾರ್ಥಿಗಳ ಟಿಕೆಟ್ ಇನ್ನೂ ಆಗಿಲ್ಲ ಅಲ್ವಾ? ಮೊದಲು ನೀವೊಬ್ಬರೇ ಹೋಗಿ, ಒಂದು ವಾರ ಅಲ್ಲೇ ಉಳಿದು ಬನ್ನಿ.